ಬೋರಮ್ಮನ ಲೆಕ್ಕವಿಲ್ಲದ ಮುಯ್ಯಿ

ನನ್ನ ಗಂಟಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಬೋರಮ್ಮನ ಕಥೆಗೆ ಅದು ಬೇಕು. ಮಾಗಡಿ ರಸ್ತೆಯಲ್ಲಿ ಜಟಕಾ ಹೊಡೆಯುವ ನಂಜುಂಡಪ್ಪ ಕೂಗಿದರೆ ಬಿನ್ನಿ ಮಿಲ್ಲಿನ ಸೈರನ್ನೂ ನಾಚಬೇಕು ಎಂದು ಕಾಮಾಕ್ಷಿಪಾಳ್ಯದವರು ಗೇಲಿ ಮಾಡುತ್ತಿದ್ದರು. ಗೇಲಿ ಮಾಡಿದವರೇ ತಮ್ಮ ಮನೆಯ ಮದುವೆ, ನಾಮಕರಣಗಳಿಗೆ ಮುಯ್ಯಿ ಕೂಗಲು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಊಟವಾದ ಮೇಲೆ ಚಪ್ಪರದಡಿ ಹಿತ್ತಾಳೆ ತಟ್ಟೆ ಮುಂದಿಟ್ಟುಕೊಂಡು, ಯಾರು ಎಷ್ಟು ಹಾಕಿದರು ಎಂದು ಊರಿಗೆಲ್ಲ ಕೇಳುವಂತೆ ಕೂಗಬೇಕು. ಇವತ್ತು ನೀವು ಹಾಕಿದ್ದನ್ನು ನಾಳೆ ನಿಮ್ಮ ಮನೆಯ ಕಾರ್ಯದಲ್ಲಿ ಅವರು ಅಷ್ಟೋ ಇಷ್ಟೋ ಸೇರಿಸಿಯೇ ತೀರಿಸಬೇಕು. ಮುಯ್ಯಿ ತೀರಿಸದ ಮನೆಗೆ ನಮ್ಮಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ.

ಬೋರಮ್ಮ ನನ್ನ ಪಕ್ಕದ ಮನೆಯವಳು. ಗಂಡ ಮುನಿಯಪ್ಪ ಮಿಲ್ಲಿನಲ್ಲಿ ಮಗ್ಗದ ಕೆಲಸಗಾರ. ಅವನ ಬಾಯಲ್ಲಿ ಮಾತು ಕಡಿಮೆ, ಅವಳ ಬಾಯಲ್ಲಿ ಇಬ್ಬರಿಗೂ ಆಗುವಷ್ಟು. ಯಾರ ಮನೆಯ ಕಾರ್ಯವಾದರೂ ದೊಡ್ಡ ಹಂಡೆಯಲ್ಲಿ ಮುದ್ದೆ ತಿರುವುವವಳು ಅವಳೇ. ನನ್ನ ಹೆಂಡತಿ ಒಂದು ಚೊಂಬು ಮಜ್ಜಿಗೆ ಕೊಟ್ಟರೆ ಆ ಚೊಂಬು ಯಾವತ್ತೂ ಬರಿದಾಗಿ ವಾಪಸ್ ಬಂದದ್ದಿಲ್ಲ. ಅವರೆಕಾಳೋ, ಎರಡು ನುಗ್ಗೆಕಾಯೋ ಜೊತೆಗಿರುತ್ತಿತ್ತು. ಅಂಥ ಸೊಕ್ಕು. ನನಗೆ ಅವಳ ಮೇಲೆ ಗೌರವವೂ ಇತ್ತು, ಸಿಟ್ಟೂ ಇತ್ತು.

ಐವತ್ತಾರನೇ ಇಸವಿ. ಅವಳಿಗೆ ಆಗ ಇಪ್ಪತ್ತಾರು ತುಂಬಿರಲಿಲ್ಲ, ಮಡಿಲಲ್ಲಿ ಎಳೆಯ ಹೆಣ್ಣುಮಗು. ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಹಾಲು ಕಟ್ಟಿಕೊಂಡಿದೆ ಎಂದುಕೊಂಡು ಯಾರಿಗೂ ಹೇಳದೆ, ಬಾವು ಇಳಿಯಲೆಂದು ಎದೆಗೆ ಮಲ್ಲಿಗೆ ಹೂ ಕಟ್ಟಿಕೊಂಡು ಓಡಾಡಿದಳು. ಕೊನೆಗೆ ನಮ್ಮ ಬೀದಿಯ ಸೂಲಗಿತ್ತಿ ಅಕ್ಕಯ್ಯಮ್ಮ ಮುಟ್ಟಿ ನೋಡಿ, "ಇದು ಹಾಲಲ್ಲ ಕಣೇ, ನಡೀ" ಎಂದು ನನ್ನ ಜಟಕಾ ಹತ್ತಿಸಿದಳು. ದೊಡ್ಡಾಸ್ಪತ್ರೆಯಲ್ಲಿ ಅದಕ್ಕೆ ಕ್ಯಾನ್ಸರ್ ಎಂದರು, ಒಂದು ಕಡೆಯ ಎದೆ ತೆಗೆದರು. ಮನೆಗೆ ಬಂದಾಗ ಆ ಕಡೆಯ ಕೈ ಮೇಲೇಳುತ್ತಿರಲಿಲ್ಲ. ಮುದ್ದೆ ಕೋಲು ಮೂಲೆ ಸೇರಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮದರಾಸಿಗೆ ಹೋಗಿ ಒಂದೂವರೆ ತಿಂಗಳು ಆ ಜಾಗಕ್ಕೆ ಕ್ಯಾನ್ಸರ್ ಸುಡುವ ಕರೆಂಟು ಇಡಿಸಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬಂದೀತು ಎಂದರು ಡಾಕ್ಟರು. ಬಡವರಿಗೆ ಕರೆಂಟು ಪುಕ್ಕಟೆ. ಆದರೆ ರೈಲು, ಬಾಡಿಗೆ ಕೋಣೆ, ಹಾಲು, ಮೊಟ್ಟೆ ಯಾವುದೂ ಪುಕ್ಕಟೆಯಲ್ಲ. ಮುನಿಯಪ್ಪ ರಜೆ ಹಾಕಿದರೆ ಸಂಬಳವೂ ಇಲ್ಲ. ಅಂಗಡಿ ರಾಮಯ್ಯ ಹಣ ಹಿಡಿದುಕೊಂಡು ಬಂದ. ಬೋರಮ್ಮ ಅವನಿಗೆ ಕಾಫಿ ಕುಡಿಸಿ, ಹಣ ಮುಟ್ಟದೆ ಕಳಿಸಿದಳು.

ನಾನು ಸುಮ್ಮನಿರುವವನೇ? "ಪ್ರಾಣ ಹೋದ್ಮೇಲೆ ಈ ಮಾನ ಇಟ್ಕೊಂಡು ಏನ್ಮಾಡ್ತೀಯೇ?" ಎಂದು ಬೈದೆ.

"ಕೈ ಚಾಚಿದ್ರೆ ಆ ಕೈಯಲ್ಲಿ ಮತ್ತೆ ಮುದ್ದೆ ತಿರುವೋಕಾಗಲ್ಲ ಅಣ್ಣ" ಎಂದಳು. ಆಮೇಲೆ ಮಗುವನ್ನು ನೋಡುತ್ತಾ, "ನಾನು ಹೋಗ್ಬಿಟ್ರೆ ಈ ಋಣ ಯಾರ ತಲೆ ಮೇಲೆ? ಇದರ ತಲೆ ಮೇಲೇ ಅಲ್ವಾ?" ಎಂದಳು.

ಅದಕ್ಕೆ ಉತ್ತರ ಇದ್ದದ್ದು ಅಕ್ಕಯ್ಯಮ್ಮನ ಹತ್ತಿರ. ಮಾರನೆಯ ದಿನ ಬಂದು ಮಗುವಿನ ಕಿವಿ ಹಿಡಿದು ನೋಡಿದಳು. "ಇದಕ್ಕೆ ಇನ್ನೂ ಕಿವಿ ಚುಚ್ಚಿಸಿಲ್ವಲ್ಲೇ! ಸೋಮವಾರ ಚುಚ್ಚಿಸ್ಬಿಡು. ಆಚಾರಿಗೆ ಹೇಳಾಯ್ತು, ಊರಿಗೂ ಹೇಳಾಯ್ತು."

ಬೋರಮ್ಮನಿಗೆ ತಕ್ಷಣ ತಿಳಿಯಿತು. ದಾನವನ್ನು ಬೇಡ ಎನ್ನಬಹುದು. ಮುಯ್ಯಿಯನ್ನು ಬೇಡ ಎಂದರೆ ಹಾಕಿದವರ ಮನೆತನಕ್ಕೇ ಅವಮಾನ. "ಇಷ್ಟೊಂದು ಮುಯ್ಯಿ ಯಾವಾಗ ತೀರಿಸ್ಲಿ ಅಜ್ಜಿ?" ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಕ್ಕಯ್ಯಮ್ಮ ನೇರ ನನ್ನ ಕಡೆ ತಿರುಗಿದಳು. "ನಂಜುಂಡ, ಸೋಮವಾರ ನೀನು ಹೆಸರು ಕೂಗು. ಎಷ್ಟು ಅಂತ ಕೂಗ್ಬೇಡ. ಯಾರೂ ಬರ್ಕೋಬಾರ್ದು."

"ಎಷ್ಟು ಅಂತ ಕೂಗದಿದ್ದ ಮೇಲೆ ಅದೆಂಥ ಮುಯ್ಯಿ ಅಜ್ಜಿ? ಉಪ್ಪಿಲ್ಲದ ಸಾರು!" ಎಂದು ರೇಗಿದೆ. ಕೂಗುವವನ ಗತ್ತೆಲ್ಲ ಇರುವುದು ಆ ಮೊತ್ತದಲ್ಲೇ.

"ಉಪ್ಪು ಜಾಸ್ತಿ ತಿಂದು ತಿಂದೇ ನಿನ್ನ ಗಂಟಲು ಹಂಗಾಗಿರೋದು" ಎಂದು ನನ್ನ ಬಾಯಿ ಮುಚ್ಚಿಸಿದಳು.

ಸೋಮವಾರ ಆಚಾರಿ ಕಿವಿ ಚುಚ್ಚಿದ, ಮಗು ಕಿರುಚಿತು, ಊಟವಾಯಿತು. ನಾನು ತಟ್ಟೆಯ ಮುಂದೆ ಕೂತು ಮುಖ ಗಂಟಿಕ್ಕಿಕೊಂಡೇ ಶುರುಮಾಡಿದೆ. "ಅಂಗಡಿ ರಾಮಯ್ಯನವರ ಮುಯ್ಯಿ ಬಂತೂ!" ರಾಮಯ್ಯ ಎಲ್ಲರ ಮನೆಯಲ್ಲೂ ಎಂಟಾಣೆ ಹಾಕಿ, ನಾನು ಗಟ್ಟಿಯಾಗಿ ಕೂಗಲಿಲ್ಲ ಎಂದು ಜಗಳ ಕಾಯುವವನು. ಅವತ್ತು ವೀಳ್ಯದೆಲೆಯಲ್ಲಿ ಮಡಚಿ ಏನಿಟ್ಟನೆಂದು ನಾನು ನೋಡಿದೆ. ಇವತ್ತಿಗೂ ಹೇಳುವುದಿಲ್ಲ. ಮಿಲ್ಲಿನವರು ಬಂದರು, ಹಾಲಿನವಳು ಬಂದಳು, ಮುನಿಯಪ್ಪನ ಜೊತೆ ಮಾತು ಬಿಟ್ಟಿದ್ದ ದಾಯಾದಿ ಬಂದ. ಪ್ರತಿಯೊಬ್ಬರಿಗೂ ಬಂತು, ಬಂತು ಎಂದು ಕೂಗುತ್ತಾ ಹೋದೆ. ಕೊನೆಕೊನೆಗೆ ನನ್ನ ಗಂಟು ಮುಖ ಎಲ್ಲಿ ಹೋಯಿತೋ ಗೊತ್ತಿಲ್ಲ.

ಬಾಗಿಲ ಹಿಂದೆ ನಿಂತಿದ್ದ ಬೋರಮ್ಮ ಹೊರಗೆ ಬಂದು, "ಯಾರ್ಯಾರದು ಎಷ್ಟು ಅಂತ ನನಗೊಬ್ಬಳಿಗಾದ್ರೂ ಹೇಳಿ ಅಣ್ಣ" ಎಂದಳು.

"ಮರೆತೋಯ್ತು ಕಣಮ್ಮ" ಎಂದೆ.

ಆ ವಾರವೇ ಗಂಡ ಹೆಂಡತಿ ಇಬ್ಬರನ್ನೂ ಸಿಟಿ ಸ್ಟೇಷನ್ನಿಗೆ ಬಿಟ್ಟುಬಂದೆ. ಮಗು ಅಕ್ಕಯ್ಯಮ್ಮನ ಹತ್ತಿರ ಉಳಿಯಿತು. ಬೋರಮ್ಮ ವಾಪಸ್ ಬಂದಾಗ ಸೊರಗಿದ್ದಳು, ಕತ್ತಿನ ಕೆಳಗಿನ ಚರ್ಮ ಕಪ್ಪಾಗಿತ್ತು. ಆದರೆ ಬಂದಿದ್ದಳು. ದೇವರಿಗೆ ಕೈಮುಗಿದೆ, ಕುದುರೆಗೂ ಒಂದು ಹಿಡಿ ಹುರುಳಿ ಜಾಸ್ತಿ ಹಾಕಿದೆ. ಕೈ ಮೊದಲಿನಷ್ಟು ಏಳದಿದ್ದರೂ ನಿಧಾನವಾಗಿ ಮುದ್ದೆ ಕೋಲು ಹಿಡಿದಳು. ಆಮೇಲೆ ಪಾಳ್ಯದಲ್ಲಿ ಯಾರ ಮನೆಯಲ್ಲಿ ಏನೇ ಕಾರ್ಯವಾಗಲಿ, ಕರೆಯಲಿ ಬಿಡಲಿ, ಬೋರಮ್ಮನ ಮುಯ್ಯಿ ಬರುತ್ತಿತ್ತು. ಯಾರದು ಎಷ್ಟೆಂದು ತಿಳಿಯದವಳು ಎಲ್ಲರಿಗೂ ತೀರಿಸುತ್ತಾ ಹೋದಳು.

ಐವತ್ತೊಂಬತ್ತರಲ್ಲಿ ಒಂದು ಸಂಜೆ ನಾನು ಕುದುರೆಗೆ ಮೈ ತಿಕ್ಕುತ್ತಿದ್ದಾಗ ಬಂದು ನಿಂತಳು. "ಗಂಟಲು ಸರಿಯಾಗಿದ್ಯಾ ಅಣ್ಣ? ಶುಕ್ರವಾರ ರಾಜಾಜಿನಗರದಲ್ಲಿ ಕೂಗ್ಬೇಕು. ರಾಮಮ್ಮ ಗೊತ್ತಲ್ಲ, ತುಮಕೂರು ಕಡೆಯಿಂದ ಬಂದ ಫ್ಯಾಕ್ಟರಿಯವನ ಹೆಂಡ್ತಿ. ಅವಳಿಗೂ ನಂದೇ ಕಾಯಿಲೆ, ನನಗಿಂತ ಚಿಕ್ಕೋಳು. ಮದರಾಸಿಗೆ ಹೋಗ್ಬೇಕು."

"ಮಗುವಿನ ಕಿವಿ ಚುಚ್ಚಿಸ್ತಾರಾ?"

"ಮಗು ಇಲ್ಲ. ಮನೆಗೆ ಹಾಲುಕ್ಕಿಸ್ತಾರೆ."

"ಅದು ಬಾಡಿಗೆ ಕೋಣೆ ಅಲ್ವೇನೇ! ಬಂದು ವರ್ಷ ಆಯ್ತು!"

"ಹಾಲುಕ್ಕಿಸೋದು ಮರೆತಿದ್ರಂತೆ."

ನನಗೆ ನಗುವೂ ಬಂತು, ರೇಗಿಯೂ ಹೋಯಿತು. "ಅಲ್ಲ ಕಣೇ, ನಿನ್ನ ಕಾರ್ಯ ಆದಾಗ ಅವಳು ತುಮಕೂರಿನ ಕಡೆ ಎಲ್ಲೋ ಇದ್ದಳು. ಅವಳಿಂದ ನಿನಗೆ ಮುಯ್ಯಿ ಬಂದಿತ್ತಾ?"

"ಬಂದಿರ್ಲಿಲ್ಲ ಅಂತ ನಿಮಗೇನು ಗೊತ್ತು? ನೀವೇನು ಬರೆದಿಟ್ಟಿದ್ರಾ?" ಎಂದಳು ಬೋರಮ್ಮ.

ಶುಕ್ರವಾರ ಆ ಕೋಣೆಯ ಮುಂದೆ ಹಾಲುಕ್ಕಿತು. ಪಾಳ್ಯದವರೆಲ್ಲ ನಡೆದು ಬಂದಿದ್ದರು. ಮೊದಲು ತಟ್ಟೆಗೆ ಹಾಕಿದವಳು ಬೋರಮ್ಮ, ಆ ಪೂರ್ತಿ ಏಳದ ಕೈಯಿಂದಲೇ. "ಬೋರಮ್ಮನ ಮುಯ್ಯಿ" ಎಂದು ಶುರುಮಾಡಿದೆ. ಮಿಲ್ಲಿನ ಸೈರನ್ನನ್ನು ನಾಚಿಸುವ ಗಂಟಲು ಅಲ್ಲೇ ಕಟ್ಟಿಕೊಂಡಿತು. ಬಾಗಿಲ ಹಿಂದಿನಿಂದ ರಾಮಮ್ಮ ನೋಡುತ್ತಿದ್ದಳು. "ಬಂತು" ಎಂದು ಮುಗಿಸಿದವಳು ಬೋರಮ್ಮನೇ.