ಕಚೇರಿಯ ಹಿಂದಿನ ಖೋಲಿ

ಓವರ್ಸಿಯರ್ ಕಾಕಾ ಅವರ ಬಲಗೈಯ ತೋರುಬೆರಳಿನ ತುದಿಗೆ ಸದಾ ತುಕ್ಕು ಹತ್ತಿರುತ್ತಿತ್ತು. ಗೋಕಾಕದ ಸರಕಾರಿ ಕಟ್ಟಡಗಳೆಲ್ಲ ಅವರ ಉಸ್ತುವಾರಿಯಲ್ಲಿದ್ದವು. ಯಾವ ಖೋಲಿಯ ಮುಂದೆ ಹೋದರೂ ಮೊದಲು ಬೀಗದ ಮೇಲೆ ಬೆರಳು ಎಳೆಯುತ್ತಿದ್ದರು. ಬೆರಳು ಕೆಂಪಾದರೆ ಆ ಖೋಲಿಯನ್ನು ಬಹಳ ದಿನಗಳಿಂದ ಯಾರೂ ತೆರೆದಿಲ್ಲವೆಂದು ಅರ್ಥ. ಮುರಿದ ಮೇಜು ತುಂಬಿ, ಬೀಗ ಜಡಿದು, ಖೋಲಿ ತಮ್ಮದೆಂದು ಹಿಡಿದಿಟ್ಟುಕೊಳ್ಳುವ ಗುಮಾಸ್ತರಿಗೆ ಆ ಬೆರಳೆಂದರೆ ಆಗದು. "ಇವರ್ನ ಕಂಡ್ರ ಗುಬ್ಬಿ ಸೈತ ಗೂಡು ಬಿಟ್ಟು ಹೋಗ್ತಾವ್ರಿ" ಎಂದು ಅವರಲ್ಲೊಬ್ಬರು ನನ್ನ ತಂದೆಯ ಮುಂದೆ ನಕ್ಕದ್ದು ನೆನಪಿದೆ.

ಕಾಕಾ ನಮ್ಮ ಬಾಜೂಮನೆಯವರು. ಅವರದು ಸರಕಾರಿ ಮನೆ. ಮಾತು ಕಡಿಮೆ, ಸಿಟ್ಟು ಹೆಚ್ಚು. ಹಗಲಿನಲ್ಲಿ ಕಂದೀಲು ಉರಿಯುತ್ತಿದ್ದರೆ, ಯಾರ ಮೇಜಿನ ಮೇಲಿದ್ದರೂ ಆರಿಸಿಬಿಡುತ್ತಿದ್ದರು. "ಊರ ಮಂದಿ ಎಣ್ಣಿ ಅದು" ಎನ್ನುತ್ತಿದ್ದರು.

ಆಗ ಹುಡುಗಿಯರ ಮೇಲಿನ ತರಗತಿಗೆ ಶಾಲೆಯಲ್ಲಿ ಜಾಗವಿರಲಿಲ್ಲ. ಮಾಮಲೇದಾರ ಕಚೇರಿಯ ಹಿಂದಿನ ಖೋಲಿಯಲ್ಲಿ ನಾವು ಕೂಡುತ್ತಿದ್ದೆವು. ಅದು ಹೋದರೆ ತರಗತಿಯೇ ಇಲ್ಲ. ಓದು ನಿಂತರೆ ನನ್ನ ಮದುವೆ ಎಂಬ ಮಾತೂ ಮನೆಯಲ್ಲಿ ಶುರುವಾಗಿತ್ತು. ಯುದ್ಧದ ಕಾಲ. ಊರಿಗೆ ರೇಷನ್ ಕಚೇರಿ ಬಂತು. ಸರಕಾರದ ಖೋಲಿ ಒಂದಾದರೂ ಖಾಲಿ ಇರುವವರೆಗೆ ಬಾಡಿಗೆ ಮನೆ ಹಿಡಿಯಕೂಡದೆಂದು ಆಜ್ಞೆ. ಖಾಲಿ ಖೋಲಿ ನೋಡಲು ಬೆಳಗಾವಿಯ ಸಾಹೇಬರು ಬರುವುದು ಬೇಸಿಗೆ ರಜೆಯಲ್ಲಿ, ನಮ್ಮ ಖೋಲಿ ಬೀಗ ಬಿದ್ದು ಖಾಲಿಯೆಂದೇ ಲೆಕ್ಕಕ್ಕೆ ಸಿಗುವಾಗ.

ಹಿಂದಿನ ದಿನ ಕಾಕಾ ನಮ್ಮ ಬಾಗಿಲಿಗೆ ಬಂದರು.

"ನಾಳಿ ಎಲ್ಲಾ ಹುಡುಗ್ಯಾರ್ನ ಕರಕೊಂಡು ಸಾಲಿಗೆ ಬಾ ತಂಗಿ."

"ರಜಾ ಐತೆಲ್ರಿ ಕಾಕಾ."

"ಖಾಲಿ ಇದ್ದದ್ದನ್ನ ತುಂಬೇತಿ ಅಂತ ನಾ ಬರಿಯಾಂಗಿಲ್ಲ. ಅದಕ್ಕ ನೀವ ಬಂದು ಕೂಡ್ರಿ."

ಮರುದಿನ ಕಾದ ಹಂಚಿನ ಕೆಳಗೆ ಬೆವರುತ್ತ ಓದಿದೆವು. ಸಾಹೇಬರು ಹೊಸ್ತಿಲಲ್ಲಿ ನಿಂತು, "ರಜಾ ಇಲ್ಲೇನು ನಿಮಗ?" ಎಂದರು.

ಮುಂದೆ ಕೂತಿದ್ದವಳು ಅಂಜಿ, "ಐತ್ರಿ. ನಿನ್ನಿ ಕಾಕಾ ಬರಾಕ ಹೇಳ್ಯಾರ್ರಿ" ಎಂದುಬಿಟ್ಟಳು.

ಸಾಹೇಬರು ಕಾಕಾ ಕಡೆ ತಿರುಗಿದರು. "ನನಗ ನಾಟಕ ತೋರಸ್ತೀರೇನ್ರಿ? ರೇಷನ್ ಕಚೇರಿ ಎಲ್ಲಿ ಇಡ್ಲಿ, ನಿಮ್ಮ ಮನ್ಯಾಗ?"

ಚುಚ್ಚಲೆಂದು ಆಡಿದ ಮಾತಿಗೆ ಕಾಕಾ ನೇರವಾಗಿಯೇ ಉತ್ತರ ಕೊಟ್ಟರು. "ಇಡ್ರಿ ಸಾಹೇಬ್ರ. ಅದೂ ಸರಕಾರದ್ದ ಐತಿ. ಪಡಸಾಲಿ, ಬಾಜೂ ಖೋಲಿ ಇವತ್ತ ಬಿಡ್ತೇನಿ."

ಸಾಹೇಬರು ಒಪ್ಪಿದರು. ನಮ್ಮ ಖೋಲಿ ಉಳಿಯಿತು.

ಮನೆ ಬಿಡುವ ಮೊದಲು ಹೆಂಡತಿ ಕಾಕೂ ಅವರನ್ನು ಕಾಕಾ ಕೇಳಿರಲಿಲ್ಲ. ಸಂಜೆ ಅವರ ಹಿತ್ತಲಿನಿಂದ ಕಾಕೂ ದನಿ ಬಂತು: "ಊರ ಹುಡುಗ್ಯಾರಿಗೆ ಜಾಗಾ ಮಾಡಿ ಕೊಟ್ರಿ. ನಾ ಎಲ್ಲಿ ಕೂಡ್ರಲಿ, ಅದನ್ನೂ ಸಾಹೇಬ್ರಿಗೆ ಕೇಳಿ ಬರ್ರಿ."

ಚಳಿಗಾಲದ ಹೊತ್ತಿಗೆ ರೇಷನ್ ಕಚೇರಿ ಬೆಳೆದು ಅವರ ಅಡಿಗೆಮನೆಯವರೆಗೂ ಬಂತು. ಇಬ್ಬರೂ ಹೊಳೆಯ ದಂಡೆಯ ಬಾಡಿಗೆ ಮನೆಗೆ ಹೋದರು. ಅಲ್ಲಿ ಗೋಡೆಗೆ ವರ್ಷವಿಡೀ ತೇವ. ಕಾಕೂ ಅವರ ಮೊಣಕಾಲುಗಳು ಹಿಡಿದುಕೊಂಡವು. ಕಾಕಾಗೆ ದಮ್ಮು ಹತ್ತಿತು. ನಾನು ಅದೇ ಖೋಲಿಯಲ್ಲಿ ಓದಿ ಪಾಸಾದೆ, ಮದುವೆಯ ಮಾತು ಹಿಂದೆ ಸರಿಯಿತು, ಮುಂದೆ ಪುಣೆಯ ಕಾಲೇಜಿಗೆ ಹೋದೆ. ಒಮ್ಮೆ ರಜೆಯಲ್ಲಿ ಅವರನ್ನು ಕಂಡು, "ನಿಮ್ಮಿಂದ ಕಾಕಾ..." ಎಂದು ಶುರು ಮಾಡಿದೆ.

"ಖೋಲಿ ಖಾಲಿ ಇರಲಿಲ್ಲ. ಅಷ್ಟ" ಎಂದು ಕೆಮ್ಮಿದರು.

ಬಿ.ಎ. ಕೊನೆಯ ವರ್ಷದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಸ್ಟೇಷನ್ನಿನಿಂದ ನೇರವಾಗಿ ಹೊಳೆಯ ದಂಡೆಯ ಆ ಮನೆಗೆ ಹೋದೆ. ಕಾಕೂ ಒಬ್ಬರೇ ಇದ್ದರು.

"ಆ ಖೋಲ್ಯಾಗಿಂದ ಎಷ್ಟು ಮಂದಿ ಕಾಲೇಜಿಗೆ ಹೋದ್ರವಾ?" ಎಂದು ಕೇಳಿದರು.

ನಾನೊಬ್ಬಳೇ, ಉಳಿದವರಿಗೆಲ್ಲ ಮದುವೆಯಾಗಿತ್ತು. ಇದ್ದದ್ದನ್ನು ಹೇಳಿದೆ.

"ಒಬ್ಬಾಕಿ" ಎಂದರು. ಅದು ಸಿಟ್ಟೋ ಸಮಾಧಾನವೋ ನನಗೆ ಇಂದಿಗೂ ತಿಳಿದಿಲ್ಲ. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ನೆಲವನ್ನು ಅಲ್ಲಲ್ಲಿ ಮುಟ್ಟಿ ನೋಡಿ, ತೇವವಿಲ್ಲದ ಒಂದು ಕಡೆ ನನಗೆ ಚಾಪೆ ಹಾಸಿದರು.