ಕುಸುಮನ ಹೆಸರಿನ ಬಾಗಿನ

ಕೃಷ್ಣಮೂರ್ತಿಪುರಂನಲ್ಲಿ ರವಿಕೆ ಹೊಲಿಯೋ ವಸಂತಮ್ಮನ ಹಟ ಗೊತ್ತಿಲ್ಲದವರಿಲ್ಲ. ಆಷಾಢದಲ್ಲಿ ಅವರ ಪಕ್ಕದ ಮನೆ ಕುಸುಮ ತೀರಿಕೊಂಡಳು. ಸರ್ಕಾರಿ ಆಸ್ಪತ್ರೇಲಿ ಡಯಾಲಿಸಿಸ್ ಮೆಷಿನ್ ಕಮ್ಮಿ, ಪಾಳಿ ಬರೋಷ್ಟರಲ್ಲಿ ಉಸಿರೇ ನಿಂತಿತ್ತು. ಮೆಷಿನ್ ತರಿಸೋಕೆ ಸರ್ಕಾರದ ಹತ್ತಿರ ದುಡ್ಡಿಲ್ಲವಂತೆ. ಊರ ಸುತ್ತ ಅರಮನೆಯಂಥ ಬಂಗಲೆ ಏಳ್ತಾ ಇವೆ, ಇವರಿಗೆ ದುಡ್ಡಿಲ್ಲವಂತೆ. ನನಗಂತೂ ಮೈಯೆಲ್ಲ ಉರಿಯಿತು.

ಅವತ್ತಿನಿಂದ ಬೆಳಿಗ್ಗೆ ಆರಕ್ಕೆ ವಸಂತಮ್ಮನ ಅಡುಗೆಮನೇಲಿ ಬಳೆ ಸದ್ದು. ಕುಸುಮ ಕಾಫಿಗೆ ಬರ್ತಿದ್ದ ಹೊತ್ತದು. ವಸಂತಮ್ಮ ಹೆದರಲಿಲ್ಲ, ಎಂದಿನ ಹಾಗೆ ಎರಡು ಲೋಟ ಇಡೋರು.

ಆಮೇಲೆ ಅರ್ಜಿ ಬರೆಸಿದರು. ಸಿರಿವಂತರ ಮೇಲೆ ತೆರಿಗೆ ಏರಿಸೋ ಮಸೂದೆ ಪರವಾಗಿ ನಮ್ಮ ಎಂಪಿ ಸಾಹೇಬರು ಪಾರ್ಲಿಮೆಂಟಲ್ಲಿ ಕೈ ಎತ್ತಬೇಕು ಅಂತ. ಬೀದಿಯವರೆಲ್ಲ ಸಹಿ ಹಾಕಿದೆವು. ನಾಲ್ಕು ಸಲ ಅವರ ಮನೆಗೆ ಹೋದೆವು, ನಾಲ್ಕು ಸಲವೂ ಪಿಎ ಸ್ವರೂಪ್ ಗೇಟಿನಲ್ಲೇ ಸಾಗಹಾಕಿದ. ಆ ಬಂಗಲೆಯವರೆಲ್ಲ ಸಾಹೇಬರಿಗೆ ನೆಂಟರು, ಇಷ್ಟರು. ಅವರೆಲ್ಲಿ ಕೈ ಎತ್ತುತ್ತಾರೆ?

ಗೌರಿ ಹಬ್ಬ ಬಂತು. ವಸಂತಮ್ಮ ವರ್ಷಾ ವರ್ಷ ಐದು ಮೊರದ ಬಾಗಿನ ಕಟ್ಟೋರು, ಅದರಲ್ಲಿ ಒಂದು ಕುಸುಮಂಗೆ. ಈ ಸಲವೂ ಕೈ ತಾನಾಗಿ ಐದೇ ಕಟ್ಟಿಬಿಟ್ಟಿತ್ತು. ಹಸಿರು ಬಳೆ ಇಟ್ಟು, ಅವಳ ಹೆಸರು ಹೇಳಿ ಕುಂಕುಮ ಹಚ್ಚಿದ ಮೇಲೆ ನೆನಪಾಯಿತು. ಹೆಸರಿಟ್ಟು ಕಟ್ಟಿದ ಬಾಗಿನ ವಾಪಸ್ ತೆಗೆಯೋ ಹಾಗಿಲ್ಲ, ಯಾರಿಗಾದರೂ ಕೊಡಲೇಬೇಕು. ಮೊರದ ಮುಂದೆ ಕೂತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಅರ್ಜಿ ಮಡಿಚಿ ಅಕ್ಕಿ ಕೆಳಗಿಟ್ಟು, ನನ್ನನ್ನೂ ಎಬ್ಬಿಸಿಕೊಂಡು ಎಂಪಿ ಮನೆಗೆ ಹೊರಟರು.

ಹಬ್ಬದ ದಿನ ಮುತ್ತೈದೆಯರನ್ನ ಯಾರು ತಡೀತಾರೆ? ಸಾಹೇಬರ ಹೆಂಡತಿ ರಮಾಮಣಿ ಸೆರಗೊಡ್ಡಿ ನಗುತ್ತಾ ಬಾಗಿನ ಹಿಡಿದರು. ಆಗ ವಸಂತಮ್ಮ ಮೆಲ್ಲಗೆ ಅಂದರು, “ಇದು ಕುಸುಮಂದು ತಾಯಿ. ಮೆಷಿನ್ ಸಿಗದೆ ಸತ್ತಳು. ಅವಳು ಕೇಳೋದು ಅಕ್ಕಿ ಕೆಳಗಿದೆ.”

ರಮಾಮಣಿಯವರ ಮುಖ ಬಿಳಿಚಿಕೊಂಡಿತು. ಆದರೆ ಸೆರಗಿಗೆ ತಗೊಂಡ ಬಾಗಿನ ವಾಪಸ್ ಕೊಡೋದುಂಟೆ? ತಗೊಂಡೇ ನಿಂತರು.

ಮೂರನೇ ದಿನ ಬೆಳಿಗ್ಗೆ ನಾನು ವಸಂತಮ್ಮನ ಅಡುಗೆಮನೇಲೇ ಇದ್ದೆ, ಸ್ವರೂಪ್ ಫೋನ್ ಬಂತು. ಅಮ್ಮಾವರಿಗೆ ದಿನಾ ಆರಕ್ಕೆ ಬಳೆ ಸದ್ದು ಕೇಳುತ್ತಂತೆ. ಏನು ಮಾಡಿದರೆ ನಿಲ್ಲುತ್ತೆ ಅಂತ ಕೇಳಿದ.

“ಸಾಹೇಬರು ಕೈ ಎತ್ತಲಿ, ನಿಲ್ಲುತ್ತೆ,” ಅಂದು ಫೋನ್ ಇಟ್ಟರು ವಸಂತಮ್ಮ.

ಗೆದ್ದೆವು ಅಂತ ನಾನು ಹಿಗ್ಗಿದೆ. ಅವರು ಹಿಗ್ಗಲಿಲ್ಲ. ಕಟ್ಟೆ ಮೇಲೆ ಎರಡನೇ ಲೋಟದ ಕಾಫಿ ಕೆನೆಗಟ್ಟಿತ್ತು. ಮೂರು ದಿನದಿಂದ ಇಲ್ಲಿ ಬಳೆ ಸದ್ದೇ ಇಲ್ಲವಂತೆ.

“ಅವಳನ್ನ ನಾನೇ ಕಳಿಸಿಬುಟ್ಟೆ ಕಣೇ,” ಅಂದರು.