ಕಾರಿಗೆ ಉಣಿಸಿದ ಮುದ್ದೆ

ನಾನು ಮಾಡುವ ಮುದ್ದೆ ಗಟ್ಟಿ. ಇದನ್ನು ನಾನೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ನಮ್ಮ ಮನೆಯವರು ಹೇಳುತ್ತಿದ್ದರು, ಅದೂ ಬಂದ ನೆಂಟರ ಮುಂದೆಯೇ. "ನಮ್ಮನೇ ಮುದ್ದೆ ನುಂಗೋಕಾಗಲ್ಲ ಕಣ್ರೀ, ಗಂಟಲಲ್ಲೇ ಬಿಡಾರ ಹೂಡ್ಬಿಡುತ್ತೆ" ಎಂದು ಅವರು ನಗುವುದು, ನಾನು ಒಳಗೆ ಹೋಗಿ ಪಾತ್ರೆ ಕುಕ್ಕುವುದು, ಮದುವೆಯಾದ ಹೊಸತರಿಂದಲೂ ನಡೆದು ಬಂದಿತ್ತು. ಎಸರು ಎಷ್ಟು ಹೆಚ್ಚಿಟ್ಟರೂ ಕೊನೆಯಲ್ಲಿ ನನ್ನ ಕೈ ತಾನಾಗಿ ಇನ್ನೊಂದು ಹಿಡಿ ಹಿಟ್ಟು ಉದುರಿಸಿಬಿಡುತ್ತಿತ್ತು.

ಆಗ ನಾವು ದೊಡ್ಡಬಳ್ಳಾಪುರದಲ್ಲಿದ್ದೆವು. ಮನೆಯಲ್ಲೇ ರೇಷ್ಮೆ ಮಗ್ಗಗಳಿದ್ದವು. ಯುದ್ಧ ಮುಗಿದಿದ್ದರೂ ಪೆಟ್ರೋಲಿಗೆ ಇನ್ನೂ ಕೂಪನ್ನು ಬೇಕಿತ್ತು. ಅಂಥ ಕಾಲದಲ್ಲಿ, ಯಾರೋ ಕಂಟ್ರಾಕ್ಟರು ಬೇಡವೆಂದು ಮೂಲೆಗೆ ಹಾಕಿದ್ದ ಹಳೆಯ ಕಾರೊಂದನ್ನು ನಮ್ಮ ಮನೆಯವರು ಮೆರವಣಿಗೆಯಲ್ಲಿ ಬಂದವರಂತೆ ಮನೆಗೆ ತಂದರು. ಅದು ರಸ್ತೆಯಲ್ಲಿ ಓಡಿದ್ದಕ್ಕಿಂತ ಹಿತ್ತಲಿನ ಹೊಂಗೆಮರದ ಕೆಳಗೆ ನಿಂತದ್ದೇ ಹೆಚ್ಚು. ಮಗ್ಗ ಬಿಚ್ಚಿ ಜೋಡಿಸುವ ತಮಗೆ ಕಾರು ಯಾವ ಲೆಕ್ಕ ಎಂಬ ಧೈರ್ಯ ಅವರದು. ಬಿಚ್ಚುವುದೇನೋ ಚೆನ್ನಾಗಿಯೇ ಬರುತ್ತಿತ್ತು.

ಆ ಬೇಸಿಗೆಯಲ್ಲಿ ನನ್ನ ಅವ್ವನಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿದೆವು. ತ್ಯಾಮಗೊಂಡ್ಲಿನ ಮನೆಯಿಂದ ಅವಳನ್ನು ಹೊರಡಿಸುವಷ್ಟರಲ್ಲಿ ನಮಗೆ ಸಾಕುಸಾಕಾಗಿತ್ತು. ನಾನು ಲಂಗ ಉಡುತ್ತಿದ್ದ ಕಾಲಕ್ಕೇ ಅವಳ ಕಣ್ಣು ಮಂಜಾಗತೊಡಗಿತ್ತು. ಒಲೆ, ಪಾತ್ರೆ, ಡಬ್ಬಿ ಎಲ್ಲವನ್ನೂ ಕೈಯಲ್ಲೇ ತಡವಿ ಸಂಸಾರ ಮಾಡಿದ ಹೆಂಗಸು, ಆಪರೇಷನ್ ಎಂದರೆ ಮಾತ್ರ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೊನೆಗೆ ಅವಳನ್ನು ಒಪ್ಪಿಸಿದ್ದು ಅಳಿಯನ ಮಾತು.

"ಅತ್ತೆ, ವಾಪಸ್ ಬರೋವಾಗ ನೀವು ಬಸ್ಸಲ್ಲಿ ಕುಲುಕ್ಕೊಂಡು ಬರೋದೇ ಬೇಡ. ನನ್ನ ಕಾರಲ್ಲಿ ಹೂವಿನ ಥರಾ ನಮ್ಮನೆಗೇ ಕರ್ಕೊಂಡ್ ಬರ್ತೀನಿ."

ಡಾಕ್ಟರೂ ಅದನ್ನೇ ಹೇಳಿದರು. ಕಟ್ಟು ಬಿಚ್ಚಿದ ಮೇಲೂ ಕೆಲವು ವಾರ ತಲೆ ಕುಲುಕಬಾರದು, ಕುಲುಕಿದರೆ ಬಂದ ಕಣ್ಣು ಹೋದೀತು ಎಂದರು. ನಮ್ಮೂರಿನ ಇದ್ದಿಲ ಗ್ಯಾಸಿನ ಬಸ್ಸು ಹತ್ತಿದರೆ ಹಲ್ಲು ಕೂಡ ಅಲುಗುತ್ತಿದ್ದವು. ಹಾಗಾಗಿ ಅವ್ವನ ಕಣ್ಣು ಈಗ ಕಾರಿನ ಕೈಯಲ್ಲಿತ್ತು.

ನಾಳಿದ್ದು ಬಂದು ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯಿಂದ ಹೇಳಿ ಕಳಿಸಿದ ದಿನವೇ ಕಾರು ಗೇರು ಬದಲಿಸಲು ಒಲ್ಲೆನೆಂದು ಹಟ ಹಿಡಿಯಿತು. ಗರಗರ ಸದ್ದು ಮಾಡಿ ಹಾರಿ ಹಾರಿ ಬೀಳುತ್ತಿತ್ತು. ಪಕ್ಕದ ಮನೆಯ ಸಾಬರು ಬಹಳ ಕಾಲ ಲಾರಿ ಓಡಿಸಿದವರು. ಅವರೂ ನಮ್ಮ ಮನೆಯವರೂ ಗೋಣಿತಾಟಿನ ಮೇಲೆ ಮಲಗಿ, ದೇವರನ್ನೂ ದೇವರಲ್ಲದವರನ್ನೂ ಕರೆದು, ಗೇರ್ ಬಾಕ್ಸನ್ನು ಕೆಳಗಿಳಿಸಿದರು. ಅದರ ದಂಡದ ತುದಿ ಎಂಜಿನ್ನಿನ ನಡುವಿನ ಒಂದು ಕುಳಿಯಲ್ಲಿ ಕೂತು ತಿರುಗುತ್ತದೆ. ಆ ಕುಳಿಯೊಳಗೆ ಬಳೆಯಂಥ ಒಂದು ಹಿತ್ತಾಳೆಯ ಬುಶ್ಶು. ಸವೆದು ಹೋಗಿದ್ದದ್ದು ಅದು. ಬದಲಿಗೆ ಹಾಕಲು ಹೊಸದು ಪೇಟೆಯಲ್ಲಿ ಸಿಕ್ಕಿತು. ಹಳೆಯದು ಮಾತ್ರ ಹೊರಗೆ ಬರಲೊಲ್ಲದು. ಅಂಚಿಗೆ ಸಮನಾಗಿ ಒಳಗೆ ಕೂತಿದ್ದ ಅದಕ್ಕೆ ಹಿಡಿದೆಳೆಯಲು ಕಿವಿಯಿಲ್ಲ, ಮೂಗಿಲ್ಲ. ಉಳಿಯಿಟ್ಟು ಹೊಡೆದರೆ ಉಳಿಯ ಮೊನೆಯೇ ಮಡಿಸಿಕೊಂಡಿತು.

"ಹಿಂದಿಂದ ದೂಡ್ಬೇಕು ಗುರು," ಎಂದರು ಸಾಬರು. "ಬುಶ್ಶಿನ ಸುರಾಕಲ್ಲಿ, ಆ ತೂತಲ್ಲಿ, ಗ್ರೀಸ್ ತುಂಬೋದು, ಬಿಗಿಯಾಗಿ ಕೂರೋ ಸರಳು ಇಟ್ಟು ಹೊಡಿಯೋದು. ಗ್ರೀಸಿಗೆ ಹೋಗಕ್ಕೆ ಜಾಗ ಇಲ್ಲ. ಬುಶ್‌ನ ಹಿಂದಿಂದ ನೂಕ್ತದೆ."

ಹಳೆಯ ಮಗ್ಗದ ಸರಳೊಂದು ಆ ತೂತಿಗೆ ಹೇಳಿ ಮಾಡಿಸಿದಂತೆ ಕೂತಿತು. ಗ್ರೀಸು ಮಾತ್ರ ಬಿಸಿಲಿಗೆ ನೀರಾಗಿತ್ತು. ಸುತ್ತಿಗೆ ಬಿದ್ದಾಗಲೆಲ್ಲ ಸರಳಿನ ಪಕ್ಕದಿಂದ ಚಿಮ್ಮಿ ಸಾಬರ ಗಡ್ಡಕ್ಕೆ ಹಾರುತ್ತಿತ್ತು. ಬುಶ್ಶು ಜಪ್ಪಯ್ಯ ಅನ್ನಲಿಲ್ಲ. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಬರಿದಾಯಿತು. ಬೆಳಗಾದರೆ ಅವ್ವ ಆಸ್ಪತ್ರೆಯಲ್ಲಿ ಗಂಟು ಕಟ್ಟಿಕೊಂಡು ಕಾಯುತ್ತಾಳೆ.

ನಾನು ಹಿತ್ತಲಿಗೆ ಊಟ ತಂದಾಗ ಇಬ್ಬರೂ ಮರಕ್ಕೊರಗಿ ಸುಮ್ಮನೆ ಕೂತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಹೂವಿನ ಥರಾ ಕರ್ಕೊಂಡ್ ಬರ್ತೀನಿ ಅಂದೋರು ಯಾರು?"

"ಗ್ರೀಸು ಮುಗೀತು ಕಣೇ. ಇನ್ನು ನಿನ್ನ ಮುದ್ದೆ ತುಂಬ್ಬೇಕಷ್ಟೆ" ಎಂದರು ನಮ್ಮ ಮನೆಯವರು. ಆ ಹೊತ್ತಿನಲ್ಲೂ ತಮಾಷೆ! ಸಾಬರು ಗಡ್ಡದೊಳಗೇ ನಕ್ಕರು.

ಅಳು ಬರುವಷ್ಟು ಸಿಟ್ಟು ನನಗೆ. ಬೆಳಿಗ್ಗೆ ಕಟ್ಟಿ ಈಗ ತಣ್ಣಗಾಗಿದ್ದ ಮುದ್ದೆಯನ್ನು ಮುರಿದೆ, ನೇರ ಕಾರಿನ ಕೆಳಗೆ ನುಗ್ಗಿದೆ.

"ಏಯ್, ಅನ್ನ ಕಣೇ ಅದು! ಅನ್ನನ ಎಂಜಿನ್ನಿಗೆ ತುಂಬ್ತಾರೇನೇ?"

ಅನ್ನ ಎನ್ನುವುದು ನನಗೂ ಗೊತ್ತಿತ್ತು. ಕಾಲಿಗೆ ತಾಗಿದ ಅಗುಳನ್ನೂ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲೇ ಬೆಳೆದವಳು ನಾನು. ಆ ತುತ್ತನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ, ಅವ್ವನ ಕಣ್ಣು ನೆನೆದು ಕುಳಿಯೊಳಗೆ ಹೆಬ್ಬೆರಳಿನಿಂದ ಗಿಡಿದೆ. "ಹೊಡೀರಿ ಈಗ" ಎಂದೆ.

ಹೆಂಡತಿಗೆ ಹೆದರಿಯೋ ಏನೋ, ಹೊಡೆದರು. ಏನೂ ಚಿಮ್ಮಲಿಲ್ಲ. ಸರಳು ಒಳಗಿಳಿಯಿತು. ನಾನು ಮತ್ತೆ ತುಂಬಿದೆ, ಅವರು ಮತ್ತೆ ಹೊಡೆದರು. ಸಾಬರು ದೀಪ ಹಿಡಿದು ಬಗ್ಗಿ ನೋಡಿದವರೇ, "ಅರೆ! ಬಂತು, ಬಂತು! ಮೋರೆ ತೋರಿಸ್ತಾ ಅದೆ!" ಎಂದು ಕೂಗಿದರು. ಕುಳಿಯ ಅಂಚಿನಲ್ಲಿ ಹಳದಿ ಗೆರೆಯೊಂದು ಹೊಳೆಯಿತು. ಇನ್ನಷ್ಟು ಮುದ್ದೆ, ಇನ್ನಷ್ಟು ಪೆಟ್ಟು. ಬುಶ್ಶು ಸರಳಿನ ಮೇಲೆ ಜಾರಿಕೊಂಡು ಹೊರಗೆ ಬಂತು, ಬೆನ್ನಿಗೆ ರಾಗಿ ಮೆತ್ತಿಕೊಂಡು. ನಾನು ಕಾರಿನ ಕೆಳಗೇ ಮಲಗಿ ಗಟ್ಟಿಯಾಗಿ ನಕ್ಕೆ. ಅಷ್ಟು ಸಂತೋಷ ನನಗೆ ಹೊಸ ಸೀರೆ ಬಂದಾಗಲೂ ಆಗಿರಲಿಲ್ಲ. ಕುಳಿಯಲ್ಲಿ ಅಂಟಿದ್ದ ಮುದ್ದೆಯನ್ನು ನನ್ನ ತಲೆಪಿನ್ನಿನಿಂದ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಕತ್ತಲಾಗುವ ಮುಂಚೆ ಹೊಸದನ್ನು ಕೂರಿಸಿ, ರಾತ್ರಿಯೇ ಗೇರ್ ಬಾಕ್ಸನ್ನೂ ಮೇಲೇರಿಸಿದರು.

ಮರುದಿನ ಅವ್ವ ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಕಾರಿನಲ್ಲಿ ಕೂತಳು. ಅವಳ ತಲೆಯನ್ನು ದಾರಿಯುದ್ದಕ್ಕೂ ನನ್ನ ಎದೆಗೆ ಒತ್ತಿ ಹಿಡಿದಿದ್ದೆ. ಗೇರು ಬೆಣ್ಣೆಯಂತೆ ಬದಲಾಗುತ್ತಿತ್ತು. ಯಲಹಂಕ ದಾಟುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು.

ಕೆಲವು ವಾರ ಕಳೆದು ದಪ್ಪ ಕನ್ನಡಕ ಬಂತು. ಅವ್ವ ಮೊದಲು ಮಾಡಿದ ಕೆಲಸ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿದ್ದು. ಅಂದು ಅವಳು ಕಟ್ಟಿದ ಮುದ್ದೆ ಮೆತ್ತಗೆ, ನುಣ್ಣಗೆ ಹೊಳೆಯುತ್ತಿತ್ತು, ಬಾಯಿಗಿಟ್ಟರೆ ತಾನೇ ಇಳಿಯುತ್ತಿತ್ತು. ಅಂಥ ಮುದ್ದೆಯನ್ನು ಅವಳ ಕೈಯಲ್ಲಿ ನಾನು ಉಂಡಿರಲೇ ಇಲ್ಲ. ನಮ್ಮ ಮನೆಯವರು ಚಪ್ಪರಿಸಿ ತಿನ್ನುತ್ತಾ, ನನ್ನ ಗಟ್ಟಿ ಮುದ್ದೆಯ ಪರಾಕ್ರಮವನ್ನೆಲ್ಲ ಅತ್ತೆಗೆ ವರ್ಣಿಸಿದರು. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಹಿಟ್ಟಲ್ಲಿ ಗಂಟು ಉಳಿದ್ರೆ ನಂಗೆ ಕಾಣ್ತಿರ್ಲಿಲ್ಲ ಕಣವ್ವ. ಅದಕ್ಕೇ ಇನ್ನೊಂದು ಹಿಡಿ ಹಾಕಿ ಗಟ್ಟಿಯಾಗಿ ತಿರುವ್ತಿದ್ದೆ. ಅಷ್ಟ್ ವರ್ಷ ಉಂಡೆ, ಗಟ್ಟಿ ಅಂತ ಒಂದ್ ಮಾತಾದ್ರೂ ಅಂದ್ಯಾ ನೀನು?"

"ಮುದ್ದೆ ಅಂದ್ರೆ ಹಂಗೇ ಇರುತ್ತೆ ಅಂದ್ಕೊಂಡಿದ್ದೆ ಕಣವ್ವ" ಎಂದೆ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ನಮ್ಮ ಮನೆಯವರು ತಟ್ಟೆ ನೋಡುತ್ತಾ ಕೂತರು.

ಮರುದಿನ ಒಲೆಯ ಮುಂದೆ ನಾನೇ ಕೂತೆ. ಕೊನೆಯಲ್ಲಿ ಕೈ ತಾನಾಗಿ ಇನ್ನೊಂದು ಹಿಡಿ ಹಿಟ್ಟಿಗೆ ಹೋಯಿತು. ಅವ್ವ ನೋಡುತ್ತಿದ್ದಳು, ತಡೆಯಲಿಲ್ಲ. ನಮ್ಮ ಮನೆಯವರು ಉಂಡು, ಇನ್ನೊಂದು ಮುದ್ದೆಗೆ ತಟ್ಟೆ ಒಡ್ಡಿದರು.